ಲಿಫ್ಟ್ ರಿಪೇರಿಗೆ ದುಡ್ಡು ಕೊಡೋರು ಯಾರು?

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಒಂಬತ್ತು ದಿನ ಕೆಟ್ಟು ನಿಂತಿತ್ತು. ನಾನಿರೋದು ನಾಲ್ಕನೇ ಫ್ಲೋರು. ಮೊದಲೆರಡು ದಿನ "ಜಿಮ್ ದುಡ್ಡು ಉಳೀತು ಬಿಡಿ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ತಮಾಷೆ ಮಾಡ್ತಿದ್ದವರೆಲ್ಲ ಮೂರನೇ ದಿನಕ್ಕೆ ಸೆಕ್ರೆಟರಿ ಮೇಲೆ ಹರಿಹಾಯ್ದರು. ಐದನೇ ದಿನ ಮೂರನೇ ಫ್ಲೋರಿನ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಅವರ ಮಗ, ಇಬ್ಬರು ಸೆಕ್ಯೂರಿಟಿಯವರು ಸೇರಿ ಕುರ್ಚಿ ಸಮೇತ ಎತ್ತಿಕೊಂಡು ಮೆಟ್ಟಿಲಿಳಿಸಿದರು. ಒಂಬತ್ತನೇ ದಿನ ಲಿಫ್ಟ್ ಸರಿಹೋಯ್ತು. ಹೇಗೆ ಸರಿಹೋಯ್ತು ಅಂದ್ರೆ, ಅಸೋಸಿಯೇಷನ್ನಿನ ಕಾರ್ಪಸ್ ಫಂಡಿನಲ್ಲಿ ದುಡ್ಡಿತ್ತು. ಅಷ್ಟೇ.

ಅದೇ ವಾರ ಒಂದು ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪಿನಲ್ಲಿ ಒಂದು ಡಾಕ್ಯುಮೆಂಟರಿ ಹಾಕಿಕೊಂಡು ಕೂತೆ. ಹೆಸರು 'ದ ಪ್ರೂಯಿಟ್-ಐಗೋ ಮಿಥ್'. 2011ರದ್ದು, ನಿರ್ದೇಶಕ ಚಾಡ್ ಫ್ರೀಡ್ರಿಕ್ಸ್, 83 ನಿಮಿಷ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸರ್ಕಾರವೇ ಬಡವರಿಗೆ ಅಂತ ಕಟ್ಟಿಸಿ, ಇಪ್ಪತ್ತು ವರ್ಷ ತುಂಬೋ ಮೊದಲೇ ಕೆಡವೋಕೆ ಶುರು ಮಾಡಿದ ಒಂದು ವಸತಿ ಸಮುಚ್ಚಯದ ಕಥೆ. ಇಂಥ ಸಿನಿಮಾಗಳನ್ನು ಸಾಮಾನ್ಯವಾಗಿ ಆರ್ಕಿಟೆಕ್ಚರ್ ಓದೋ ಹುಡುಗರು ನೋಡ್ತಾರೆ. ನನಗೆ ಸಿಕ್ಕಿದ್ದು ಲಿಫ್ಟ್ ಕೆಟ್ಟಿದ್ದಾಗ. ಒಳ್ಳೇದೇ ಆಯ್ತು ಅನ್ಸುತ್ತೆ.

ಪ್ರೂಯಿಟ್-ಐಗೋ ಅಂದ್ರೆ 57 ಎಕರೆ ಜಾಗ, 11 ಅಂತಸ್ತಿನ 33 ಕಟ್ಟಡ, 2,870 ಮನೆ. ಮೊದಲ ಕುಟುಂಬಗಳು ಬಂದದ್ದು 1954ರಲ್ಲಿ. ವಿನ್ಯಾಸ ಮಾಡಿದವನು ಮಿನೋರು ಯಮಸಾಕಿ. ಹೌದು, ಮುಂದೆ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಮಾಡಿದವನೂ ಅವನೇ. ಪಾಪ, ಅವನ ಎರಡು ದೊಡ್ಡ ಕೆಲಸಗಳೂ ಜಗತ್ತಿಗೆ ನೆನಪಿರೋದು ಬಿದ್ದ ದೃಶ್ಯದಿಂದ. 1972ರಲ್ಲಿ ಈ ಬ್ಲಾಕುಗಳಿಗೆ ಡೈನಮೈಟ್ ಇಟ್ಟು ಉರುಳಿಸಿದ ಫೂಟೇಜು ನೀವೂ ಎಲ್ಲೋ ನೋಡಿರ್ತೀರಿ. 'ಕೊಯಾನಿಸ್‌ಕಾತ್ಸಿ' ಸಿನಿಮಾದಲ್ಲಿ ಫಿಲಿಪ್ ಗ್ಲಾಸ್ ಸಂಗೀತದ ಜೊತೆ ಬರುತ್ತಲ್ಲ, ಅದೇ. ಚಾರ್ಲ್ಸ್ ಜೆಂಕ್ಸ್ ಅನ್ನೋ ವಿಮರ್ಶಕ 1977ರಲ್ಲಿ, ಆಧುನಿಕ ವಾಸ್ತುಶಿಲ್ಪ ಸತ್ತಿದ್ದು 1972ರ ಜುಲೈ 15ರ ಮಧ್ಯಾಹ್ನ 3.32ಕ್ಕೆ, ಇದೇ ಜಾಗದಲ್ಲಿ ಅಂತ ಬರೆದುಬಿಟ್ಟ. ಮೊದಲ ಬ್ಲಾಸ್ಟ್ ಆಗಿದ್ದು ಅದೇ ವರ್ಷದ ಮಾರ್ಚಿನಲ್ಲಿ. ಆದರೆ ಅಂಥ ಒಳ್ಳೆಯ ಸಾಲು ಸಿಕ್ಕಮೇಲೆ ತಾರೀಖು ಯಾರು ನೋಡ್ತಾರೆ! ಈ ಪ್ರಾಜೆಕ್ಟಿಗೆ ದೊಡ್ಡ ಪ್ರಶಸ್ತಿ ಬಂದಿತ್ತು, ಅಂಥದ್ದೇ ಬಿದ್ದುಹೋಯ್ತು ಅನ್ನೋ ಕಥೆಯೂ ಓಡಾಡ್ತಿತ್ತು. ಅದೂ ಸುಳ್ಳು. 1991ರಲ್ಲಿ ಕ್ಯಾಥರೀನ್ ಬ್ರಿಸ್ಟಲ್ ಒಂದು ಪ್ರಬಂಧ ಬರೆದು ಈ ಕಥೆಗಳ ಗಾಳಿ ತೆಗೆದರು. ಸಿನಿಮಾದ ಹೆಸರು ಆ ಪ್ರಬಂಧದ್ದೇ.

ಹಾಗಾದ್ರೆ ಮಿಥ್ ಏನು? ಎರಡಿದೆ. ಒಂದು, ಡಿಸೈನ್ ಕೆಟ್ಟದಿತ್ತು, ಅದಕ್ಕೇ ಜನ ಹಾಳಾದರು. ಇನ್ನೊಂದು, ಜನ ಕೆಟ್ಟವರಿದ್ದರು, ಅದಕ್ಕೇ ಕಟ್ಟಡ ಹಾಳಾಯ್ತು. ಇವೆರಡೂ ನಮಗೂ ಹೊಸದಲ್ಲ. ನಮ್ಮೂರಲ್ಲಿ ಸ್ಲಂ ಬೋರ್ಡಿನ ಕ್ವಾರ್ಟರ್ಸ್ ಪಕ್ಕ ಹಾದುಹೋಗುವಾಗ "ಮನೆ ಕೊಟ್ರೂ ಇಟ್ಕೊಳ್ಳೋಕೆ ಬರಲ್ಲ ಇವರಿಗೆ" ಅನ್ನೋ ಮಾತು ಕ್ಯಾಬಿನೊಳಗಿಂದ ಎಷ್ಟು ಸಲ ಕೇಳಿಲ್ಲ? ನಾನೇ ಒಂದೆರಡು ಸಲ ಹೂಂಗುಟ್ಟಿದ್ದೂ ಉಂಟು.

ಫ್ರೀಡ್ರಿಕ್ಸ್ ಇದಕ್ಕೆ ಉತ್ತರ ಕೊಡೋದು ಅಲ್ಲಿ ಬಾಳಿದವರನ್ನು ಕ್ಯಾಮೆರಾ ಮುಂದೆ ಕೂರಿಸಿ. ಸಿನಿಮಾದ ಶಕ್ತಿಯೆಲ್ಲ ಅಲ್ಲೇ ಇದೆ. ವಯಸ್ಸಾದ ಒಬ್ಬ ಹೆಂಗಸು ತಮ್ಮ ಮನೆಯನ್ನು ಬಡವರ ಪೆಂಟ್‌ಹೌಸ್ ಅನ್ನೋ ಹಾಗೆ ನೆನಪಿಸಿಕೊಳ್ತಾರೆ. ಮುಖದಲ್ಲಿ ಆ ಕಿಟಕಿಯ ಬೆಳಕು ಇನ್ನೂ ಇದೆ. ಅಷ್ಟು ದಿನ ಅವರಂಥವರು ಇದ್ದದ್ದು ಕಿಕ್ಕಿರಿದ ಹಳೇ ವಠಾರಗಳಲ್ಲಿ. ಇನ್ನೊಬ್ಬರು ತಮ್ಮ ತಾಯಿ ಮನೆಯ ಒಂದು ಗೋಡೆಗೆ ಕಪ್ಪು ಬಣ್ಣ ಬಳಿದು, ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟಿದ್ದನ್ನು ಹೇಳ್ತಾರೆ. ಗೋಡೆಯೇ ಬೋರ್ಡು. ಇಟ್ಕೊಳ್ಳೋಕೆ ಬರದವರು ಮಾಡೋ ಕೆಲಸವಾ ಇದು? ಆಮೇಲೆ ಬರೋ ಒಬ್ಬಾತ ತನ್ನ ಅಣ್ಣ ಗುಂಡೇಟಿಗೆ ಬಿದ್ದ ದಿನವನ್ನು ಹೇಳ್ತಾನೆ. ಅದನ್ನಿಲ್ಲಿ ಬರೆಯಲ್ಲ. ಇವರೆಲ್ಲ ಹೇಳ್ತಿರೋದು ಒಂದೇ ಕಟ್ಟಡಗಳ ಬಗ್ಗೆ ಅನ್ನೋದನ್ನು ಸಿನಿಮಾ ಮುಚ್ಚಿಡೋದಿಲ್ಲ. ಸ್ವರ್ಗ ಆಗಿತ್ತು ಅಂತಲೂ ಸಾಧಿಸಲ್ಲ, ನರಕ ಅಂತಲೂ ಸಾಧಿಸಲ್ಲ. ನಡುವೆ ಏನಾಯ್ತು ಅಂತ ಕೇಳುತ್ತೆ.

ನಡುವೆ ಆಗಿದ್ದು ಅಕೌಂಟ್ಸ್.

1949ರ ಕಾಯ್ದೆ ಪ್ರಕಾರ ಇಂಥ ಮನೆಗಳನ್ನು ಕಟ್ಟೋಕೆ ದುಡ್ಡು ಕೇಂದ್ರ ಸರ್ಕಾರದ್ದು. ಕಟ್ಟಿದ ಮೇಲೆ ನಡೆಸೋ ಖರ್ಚು, ಅಂದ್ರೆ ಲಿಫ್ಟು, ಪೈಪು, ಕಸ, ಬಲ್ಬು, ಕಾವಲುಗಾರ ಎಲ್ಲ ಬಾಡಿಗೆ ದುಡ್ಡಿನಲ್ಲೇ ಆಗಬೇಕು. ಬಡವರಿಗೆ ಅಂತಲೇ ಕಟ್ಟಿದ ಮನೆ, ಬಡವರ ಬಾಡಿಗೆಯಲ್ಲೇ 33 ಟವರು ನಡೀಬೇಕು! ನಮ್ಮ ಅಸೋಸಿಯೇಷನ್ನಿನ ಟ್ರೆಷರರ್ ಅಂಕಲ್‌ಗೆ ಈ ಲೆಕ್ಕ ತೋರಿಸಿದ್ರೆ ಅವತ್ತೇ ರಾಜೀನಾಮೆ ಕೊಟ್ಟು ಹೋಗ್ತಿದ್ರು. ಆದರೂ 1957ರಲ್ಲಿ ನೂರಕ್ಕೆ 91 ಮನೆ ತುಂಬಿತ್ತು. ಅಲ್ಲಿಂದ ಮುಂದೆ ಊರೇ ಖಾಲಿಯಾಗೋಕೆ ಶುರುವಾಯ್ತು. ಇನ್ನೊಂದು ಇಲಾಖೆಯಿಂದ ಅದೇ ಸರ್ಕಾರ ಸಬರ್ಬ್‌ಗಳಲ್ಲಿ ಮನೆ ಕೊಳ್ಳೋರಿಗೆ, ಅದರಲ್ಲೂ ಬಿಳಿಯರಿಗೆ, ಸಾಲಕ್ಕೆ ಖಾತರಿ ಕೊಡ್ತಿತ್ತು. ಸೇಂಟ್ ಲೂಯಿಸ್ ಜನಸಂಖ್ಯೆ 1950ರಲ್ಲಿ ಎಂಟೂವರೆ ಲಕ್ಷ ದಾಟಿದ್ದದ್ದು 1970ಕ್ಕೆ ಆರು ಲಕ್ಷದ ಹತ್ತಿರಕ್ಕೆ ಇಳೀತು. ಕೆಲಸ ಇದ್ದವರು ಹೋದರು, ಬಾಡಿಗೆ ಕಡಿಮೆಯಾಯ್ತು, ರಿಪೇರಿ ನಿಂತಿತು. ರಿಪೇರಿ ನಿಂತಿದ್ದಕ್ಕೆ ಇನ್ನಷ್ಟು ಜನ ಹೋದರು. ಉಳಿದವರ ಬಾಡಿಗೆ ಏರಿಸಿದರು. 1969ರಲ್ಲಿ ಬಾಡಿಗೆದಾರರು ತಿಂಗಳುಗಟ್ಟಲೆ ಬಾಡಿಗೆ ಕಟ್ಟದೆ ಮುಷ್ಕರ ಹೂಡಿ ಗೆದ್ದೂ ಗೆದ್ದರು. ಅದೇ ವರ್ಷ ಬಾಡಿಗೆ ಆದಾಯದ ಕಾಲುಭಾಗ ಮೀರಬಾರದು ಅಂತ ದೇಶಕ್ಕೇ ಕಾನೂನು ಬಂತು. ಇಷ್ಟಾಗೋ ಹೊತ್ತಿಗೆ ಕಟ್ಟಡಗಳು ಕೈಮೀರಿದ್ದವು. 1971ರಲ್ಲಿ ಅಲ್ಲಿ ಉಳಿದಿದ್ದು 17 ಬ್ಲಾಕುಗಳಲ್ಲಿ ಸುಮಾರು 600 ಜನ. ಉಳಿದ 16 ಬ್ಲಾಕಿಗೆ ಹಲಗೆ ಹೊಡೆದಿದ್ದರು.

ಲೆಕ್ಕದ ಜೊತೆಗೆ ಇನ್ನೊಂದು ವಿಷಯ ಸಿನಿಮಾ ಎತ್ತುತ್ತೆ. ನನಗೆ ಅದು ಲಿಫ್ಟಿಗಿಂತ ಜಾಸ್ತಿ ಕಾಡಿತು. ಸರ್ಕಾರದ ನೆರವು ಬೇಕು ಅಂದ್ರೆ ಆ ಮನೆಯಲ್ಲಿ ದುಡಿಯೋ ಶಕ್ತಿ ಇರೋ ಗಂಡಸು ಇರಬಾರದು ಅನ್ನೋ ನಿಯಮ. ಕಪ್ಪು ಗೋಡೆಯ ಮನೆಯಲ್ಲಿ ಬೆಳೆದ ಆ ಹೆಂಗಸಿನ ಅಪ್ಪನೇ ಮನೆ ಬಿಟ್ಟು ಹೋಗಬೇಕಾಯ್ತು. ಯಾರಾದ್ರೂ ಬಂದು ಕೇಳಿದ್ರೆ ಅಪ್ಪ ಇಲ್ಲ ಅನ್ನಿ ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಅಪ್ಪನನ್ನು ಹೊರಗೆ ಹಾಕಿದವರೇ ಆಮೇಲೆ, ಅಪ್ಪಂದಿರಿಲ್ಲದ ಮಕ್ಕಳು ದಾರಿ ತಪ್ಪಿದರು ಅಂತ ವರದಿ ಬರೆದರು.

ಇಷ್ಟು ಹೊಗಳಿದ ಮೇಲೆ ತಕರಾರು. ನನಗೆ ಮೂರಿದೆ, ಒಂದು ಚಿಕ್ಕದು. ಹಿನ್ನೆಲೆ ಸಂಗೀತ ಅಳಿಸೋಕೆ ಹಟ ಹಿಡಿದಿದೆ. ಮಾತಾಡ್ತಿರೋರ ಮುಖವೇ ಸಾಕಿತ್ತು.

ಎರಡನೇದು, ಡಿಸೈನನ್ನು ಈ ಸಿನಿಮಾ ತೀರಾ ಸಲೀಸಾಗಿ ಖುಲಾಸೆ ಮಾಡುತ್ತೆ. ತಪ್ಪೆಲ್ಲ ನೀತಿಯದ್ದು, ಕಟ್ಟಡ ನಿರಪರಾಧಿ ಅನ್ನೋ ಧಾಟಿ. ಹಾಗೇನಿಲ್ಲ. ಅಲ್ಲಿನ ಲಿಫ್ಟುಗಳು ಎಲ್ಲ ಮಹಡಿಯಲ್ಲೂ ನಿಲ್ತಿರಲಿಲ್ಲ. ಒಂದು, ನಾಲ್ಕು, ಏಳು, ಹತ್ತು, ಇಷ್ಟರಲ್ಲೇ ನಿಲ್ಲೋದು. ಉಳಿದವರು ಮೆಟ್ಟಿಲು ಹತ್ತಬೇಕು ಇಲ್ಲಾ ಇಳಿಯಬೇಕು. ಆ ಮೆಟ್ಟಿಲುಗಳೇ ಕೊನೆಗೆ ಜನ ಹೆದರೋ ಜಾಗಗಳಾದವು. ಬಾಗಿಲ ಹಿಡಿ, ಬೀಗಗಳು ಮೊದಲ ಬಳಕೆಗೇ ಕಿತ್ತುಬಂದ ಕಥೆಗಳಿವೆ. ಯಮಸಾಕಿ ಮೊದಲು ಹಾಕಿದ್ದ ಪ್ಲಾನಿನಲ್ಲಿ ಎತ್ತರದವು, ಗಿಡ್ಡವು ಎಲ್ಲ ಬೆರೆತಿದ್ದವು. ಖರ್ಚು ಜಾಸ್ತಿ ಅಂತ ಅಧಿಕಾರಿಗಳು ಎಲ್ಲವನ್ನೂ ಹನ್ನೊಂದು ಅಂತಸ್ತಿಗೆ ಸಮ ಮಾಡಿಸಿದರು. ಅಂದ್ರೆ ಡಿಸೈನಿನ ಒಳಗೇ ಅಕೌಂಟ್ಸ್ ಕೂತಿತ್ತು. ನೀತಿ ಬೇರೆ, ಕಟ್ಟಡ ಬೇರೆ ಅಂತ ಗೆರೆ ಎಳೆಯೋಕಾಗಲ್ಲ. ಸಿನಿಮಾ ಎಳೆಯುತ್ತೆ, ಯಾಕಂದ್ರೆ ಆರ್ಕಿಟೆಕ್ಟುಗಳ ಮೇಲಿನ ಹಳೇ ಆರೋಪಕ್ಕೆ ಉತ್ತರ ಕೊಡೋ ಆತುರ ಅದಕ್ಕೆ.

ಮೂರನೇ ತಕರಾರು ದೊಡ್ಡದು. ಸಿನಿಮಾ ಕಟ್ಟಡ ಬಿದ್ದಲ್ಲಿಗೆ ಮುಗಿಯುತ್ತೆ. ಜಾಗದಲ್ಲಿ ಕಾಡು ಬೆಳೆದಿದೆ, ಹಳೇ ನಿವಾಸಿಗಳು ಆ ಮರಗಳನ್ನು ನೋಡ್ತಾರೆ, ನಮಗೂ ಗಂಟಲು ಕಟ್ಟುತ್ತೆ. ಸೇಂಟ್ ಲೂಯಿಸ್ ಮಟ್ಟಿಗೆ ಅದು ನಿಜ. ಖಾಲಿಯಾಗ್ತಿದ್ದ ಊರಿನಲ್ಲಿ ಆ ನೆಲ ಯಾರಿಗೂ ಬೇಕಿರಲಿಲ್ಲ. ಆದರೆ ಬೇಕಾಗಿದ್ದರೆ? ಅದಕ್ಕೆ ಉತ್ತರ ಅದೇ ದೇಶದಲ್ಲಿ, ಉತ್ತರಕ್ಕಿರೋ ಶಿಕಾಗೋದಲ್ಲಿದೆ. ಅಲ್ಲಿನ ಕಬ್ರೀನಿ-ಗ್ರೀನ್ ಕೂಡ ಇಂಥದ್ದೇ ಸಮುಚ್ಚಯ. ತುಂಬಿದ್ದಾಗ ಸುಮಾರು 15,000 ಜನ. ಅದಿದ್ದದ್ದು ಮಾತ್ರ ಗೋಲ್ಡ್ ಕೋಸ್ಟ್ ಅನ್ನೋ ಭಾರೀ ಶ್ರೀಮಂತರ ಬಡಾವಣೆಯಿಂದ ನಡೆದು ಹೋಗೋಷ್ಟು ದೂರದಲ್ಲಿ. 2000ದಲ್ಲಿ ಶುರುವಾದ ಯೋಜನೆಯಲ್ಲಿ ಊರಿನ ಇಂಥ ಟವರುಗಳನ್ನೆಲ್ಲ ಕೆಡವಿ, 25,000 ಮನೆಗಳನ್ನು ಹೊಸದಾಗಿ ಕಟ್ಟುತ್ತೇವೆ ಇಲ್ಲಾ ರಿಪೇರಿ ಮಾಡ್ತೇವೆ, ಬಡವರೂ ಸಿರಿವಂತರೂ ಒಟ್ಟಿಗೆ ಇರ್ತಾರೆ ಅಂತ ಮಾತು ಕೊಟ್ಟರು. ಕಬ್ರೀನಿಯ ಕೊನೇ ಟವರು ಬಿದ್ದದ್ದು 2011ರಲ್ಲಿ, ಈ ಸಿನಿಮಾ ಬಂದ ವರ್ಷವೇ. 2013ರಲ್ಲಿ ಆ ನೆಲದ ಮೇಲೆ ಟಾರ್ಗೆಟ್ ಅನ್ನೋ ದೊಡ್ಡ ಅಂಗಡಿ ತೆರೀತು. ಕಾಂಡೋಗಳೂ ಬಂದವು. ಹಳಬರಲ್ಲಿ ಬಹಳ ಜನ ವಾಪಸ್ ಬರಲಿಲ್ಲ. ಶಿಕಾಗೋದ ಈ ಬೆರಕೆ ಬಿಲ್ಡಿಂಗುಗಳಲ್ಲಿ ಸರ್ಕಾರಿ ಕೋಟಾದ ಬಾಡಿಗೆದಾರರು ಡ್ರಗ್ ಟೆಸ್ಟ್ ಮಾಡಿಸಿಕೊಳ್ಳಬೇಕಿತ್ತು. ಪಕ್ಕದಲ್ಲೇ ದುಡ್ಡು ಕೊಟ್ಟು ಫ್ಲ್ಯಾಟ್ ಕೊಂಡವರಿಗೆ ಆ ರೂಲ್ ಇರಲಿಲ್ಲ. ಐವತ್ತರ ದಶಕದಲ್ಲಿ ಅಪ್ಪನನ್ನು ಹುಡುಕಿಕೊಂಡು ಬರ್ತಿದ್ದ ಅದೇ ಕಣ್ಣು. ನಮ್ಮಲ್ಲಿ ಕೆಲಸದವರಿಗೆ ಬೇರೆ ಲಿಫ್ಟ್ ಅಂತ ಬೋರ್ಡ್ ಹಾಕ್ತೀವಲ್ಲ, ನೆನಪಾಯ್ತು.

ಶಿಕಾಗೋ ಬಗ್ಗೆ '70 ಎಕರ್ಸ್ ಇನ್ ಶಿಕಾಗೋ' ಅಂತ ರೋನಿಟ್ ಬೆಜಾಲೆಲ್ ಮಾಡಿದ ಇನ್ನೊಂದು ಡಾಕ್ಯುಮೆಂಟರಿ ಇದೆ. ಇಪ್ಪತ್ತು ವರ್ಷದಷ್ಟು ಹಿಂದೆ ಬಿದ್ದು ಚಿತ್ರಿಸಿದ್ದು. ಪ್ರೂಯಿಟ್-ಐಗೋದಷ್ಟು ಚೆಂದ ಇಲ್ಲ, ಕಡಿಮೆ ಜನ ನೋಡಿದ್ದಾರೆ. ಆದರೆ ಬೆಂಗಳೂರಿನಲ್ಲಿ ಕೂತು ನೋಡೋರಿಗೆ ಅದೇ ಹೆಚ್ಚು ಉಪಯೋಗದ್ದು ಅಂತ ನನ್ನ ಲೆಕ್ಕ. ಕಾರಣ ಈಜಿಪುರ.

ಕೋರಮಂಗಲದಲ್ಲಿ ಕೆಲಸ ಮಾಡಿದವರು ಆ ಜಾಗದ ಪಕ್ಕ ಸಾವಿರ ಸಲ ಓಡಾಡಿರ್ತೀರಿ. ಆರ್ಥಿಕವಾಗಿ ಹಿಂದುಳಿದವರಿಗೆ ಅಂತ ಪಾಲಿಕೆ ಕಟ್ಟಿಸಿದ್ದ ಇಡಬ್ಲ್ಯೂಎಸ್ ಕ್ವಾರ್ಟರ್ಸ್. 42 ಬ್ಲಾಕು, 1,512 ಮನೆ. ಕಾಮಗಾರಿ ಎಷ್ಟು ಕಳಪೆ ಅಂದ್ರೆ ಇಪ್ಪತ್ತು ವರ್ಷವೂ ತಾಳಲಿಲ್ಲ. 2007ರಲ್ಲಿ ಒಂದು ಬ್ಲಾಕು ಕುಸಿಯಿತು. ಉಳಿದವನ್ನೂ ಕೆಡವಿದರು, ಜನ ಅದೇ ನೆಲದಲ್ಲಿ ತಗಡಿನ ಶೆಡ್ಡುಗಳಲ್ಲಿ ಇದ್ದರು. ಆಮೇಲೆ ಬಂದ ಯೋಜನೆ ಖಾಸಗಿ ಸಹಭಾಗಿತ್ವದ್ದು. ಹದಿನೈದು ಎಕರೆ ಚಿಲ್ಲರೆ ಜಾಗದಲ್ಲಿ ಅರ್ಧದಲ್ಲಿ ಬಡವರಿಗೆ ಮನೆ, ಇನ್ನರ್ಧದಲ್ಲಿ ಮಾಲ್. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಜೆಸಿಬಿಗಳು ಬಂದು ಶೆಡ್ಡುಗಳನ್ನು ನೆಲಸಮ ಮಾಡಿದವು. ಜನವರಿ ಚಳಿಯಲ್ಲಿ ಕುಟುಂಬಗಳು ಫುಟ್‌ಪಾತಿನಲ್ಲಿ ಮಲಗಿದವು. ಮೂಲದಲ್ಲಿ ಮನೆ ಮಂಜೂರಾದವರು ಯಾರು, ಅವರಿಂದ ಬಾಡಿಗೆಗೆ ಪಡೆದು ಇದ್ದವರು ಯಾರು, ಹಕ್ಕು ಯಾರಿಗೆ ಅನ್ನೋ ಜಗಳ ಎದ್ದಿತು. ರೀಡೆವಲಪ್‌ಮೆಂಟ್ ಅನ್ನೋದು ಜನರನ್ನು ಎಣಿಸಲ್ಲ, ಕಾಗದ ಎಣಿಸುತ್ತೆ. ಕೆಡವೋಕೆ ನಾಲ್ಕೇ ದಿನ ಸಾಕಾಯ್ತು. ಆಮೇಲೆ ವರ್ಷಗಟ್ಟಲೆ ಆ ನೆಲ ಬೇಲಿಯೊಳಗೆ ಖಾಲಿ ಬಿದ್ದಿತ್ತು.

ಇಲ್ಲಿ 'ಪ್ರೂಯಿಟ್-ಐಗೋ ಮಿಥ್' ಕೈಕೊಡುತ್ತೆ. ಊರು ಕುಗ್ಗಿತು, ಮನೆ ಖಾಲಿಯಾಯ್ತು ಅನ್ನೋ ಅದರ ಮುಖ್ಯ ವಾದವನ್ನು ನಮ್ಮಲ್ಲಿಗೆ ತರೋಕೆ ಬರಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ ಇದ್ದದ್ದು 2011ಕ್ಕೆ 96 ಲಕ್ಷ ಆಯ್ತು. ಈಜಿಪುರದಲ್ಲಿ ಯಾರೂ ಮನೆ ಬಿಟ್ಟು ಓಡಿಹೋಗ್ತಿರಲಿಲ್ಲ, ಜನ ತಗಡಿನ ಕೆಳಗಾದರೂ ಅಲ್ಲೇ ಇದ್ದರು, ಯಾಕಂದ್ರೆ ಕೆಲಸ ಅಲ್ಲೇ ಇತ್ತು. ಯಾರ ಮನೆಯ ಕೆಲಸ ಅಂತ ಕೇಳಬೇಡಿ, ಕೋರಮಂಗಲದಲ್ಲಿ ಪಿಜಿಯಲ್ಲಿದ್ದವರಿಗೆಲ್ಲ ಗೊತ್ತು. ಸೇಂಟ್ ಲೂಯಿಸ್‌ನಲ್ಲಿ ನೆಲಕ್ಕೆ ಬೆಲೆ ಇಲ್ಲದ್ದರಿಂದ ಮನೆಗಳು ಸತ್ತವು. ಇಲ್ಲಿ ನೆಲಕ್ಕೆ ಬೆಲೆ ಬಂದಿದ್ದೇ ಮುಳುವಾಯ್ತು. ಕಟ್ಟಡ ಸೋರುತ್ತಿದ್ದಾಗ ಪ್ಲಂಬರ್‌ಗೆ ಇಲ್ಲದ ದುಡ್ಡು, ಮಾಲ್ ಬರುತ್ತೆ ಅಂದಾಗ ಎಲ್ಲಿಂದಲೋ ಬಂತು. ಎರಡೂ ಕಡೆ ಸಮಾನವಾಗಿರೋದು ಒಂದೇ: ಉದ್ಘಾಟನೆಗೆ ಬಜೆಟ್ ಇತ್ತು, ಹನ್ನೊಂದನೇ ವರ್ಷದ ಪಂಪ್‌ಸೆಟ್ಟಿಗೆ ಇರಲಿಲ್ಲ. ಅಷ್ಟರ ಮಟ್ಟಿಗೆ ಮಾತ್ರ ಸಿನಿಮಾ ನಮ್ಮದೂ ಹೌದು.

ಕೆಡವದೇ ಬೇರೆ ದಾರಿ ಇಲ್ವಾ ಅಂತ ಕೇಳಬಹುದು. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಅರವತ್ತರ ದಶಕದ ಮೂರು ಸರ್ಕಾರಿ ಬ್ಲಾಕುಗಳಿದ್ದವು, 530 ಮನೆ. ಆನ್ ಲಕಾಟೋನ್, ಜಾನ್ ಫಿಲಿಪ್ ವಸಾಲ್ ಅನ್ನೋ ಆರ್ಕಿಟೆಕ್ಟ್ ಜೋಡಿ ಅವರ ಜೊತೆಗಾರರ ಸಂಗಡ ಆ ಬ್ಲಾಕುಗಳ ಹೊರಮೈಗೆ ಗಾಜಿನ ಅಗಲವಾದ ಬಾಲ್ಕನಿಗಳನ್ನು ಜೋಡಿಸಿತು, ಲಿಫ್ಟುಗಳನ್ನು ಸರಿಮಾಡಿತು. ಕೆಲಸ ನಡೆಯುವಾಗ ಜನ ಮನೆಯೊಳಗೇ ಇದ್ದರು. ಯಾರನ್ನೂ ಎಬ್ಬಿಸಲಿಲ್ಲ. 2021ರಲ್ಲಿ ಆ ಜೋಡಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಫೋಟೋ ನೋಡಿದ್ರೆ ಆಸೆಯಾಗುತ್ತೆ, ನಮ್ಮ ಫ್ಲ್ಯಾಟಿಗಿಂತ ಚೆನ್ನಾಗಿದೆ. ಆದರೆ ಪ್ರಾಮಾಣಿಕವಾಗಿ ಹೇಳ್ತೀನಿ, ಈಜಿಪುರದ ಗೋಡೆಗಳಿಗೆ ಇದು ಆಗ್ತಿರಲಿಲ್ಲ. ಬಾಲ್ಕನಿ ಸೇರಿಸೋಕೆ ಮೊದಲು ಕಂಬ ನಿಂತಿರಬೇಕಲ್ಲ. ಅವನ್ನು ಕೆಡವಲೇಬೇಕಿತ್ತು ಅಂತ ಒಪ್ಪಿಕೊಂಡರೂ, ಹೊಸ ಮನೆ ಕೈಗೆ ಬರೋವರೆಗೆ ಜನ ಎಲ್ಲಿರ್ತಾರೆ ಅನ್ನೋದನ್ನು ಮೊದಲು ತೀರ್ಮಾನಿಸೋಕೆ ಪ್ರಿಟ್ಜ್‌ಕರ್ ಬೇಕಾಗಿರಲಿಲ್ಲ.

'ಪ್ರೂಯಿಟ್-ಐಗೋ ಮಿಥ್' ನೋಡಿ. ಆ ಕಪ್ಪು ಗೋಡೆಗೋಸ್ಕರನಾದ್ರೂ ನೋಡಿ. ಸಾಧ್ಯವಾದ್ರೆ ಮಾರನೇ ದಿನ ಶಿಕಾಗೋದ್ದನ್ನೂ ನೋಡಿ, ಈ ಆರ್ಡರಿನಲ್ಲೇ. ಮೊದಲನೇದು ಮನಸ್ಸು ಕಲಕುತ್ತೆ, ಎರಡನೇದು ನಮ್ಮ ವಿಳಾಸ ಹೇಳುತ್ತೆ.

ಮುಂದಿನ ಭಾನುವಾರ ನಮ್ಮ ಜನರಲ್ ಬಾಡಿ ಮೀಟಿಂಗು. ಮೇಂಟೆನೆನ್ಸ್ ಚದರಡಿಗೆ ಐವತ್ತು ಪೈಸೆ ಏರಿಸೋ ಪ್ರಸ್ತಾಪ ಇದೆ. ಮೊದಲನೇ ಫ್ಲೋರಿನವರು, ನಾವು ಲಿಫ್ಟೇ ಹತ್ತಲ್ಲ, ನಾವ್ಯಾಕೆ ಕೊಡಬೇಕು ಅಂತ ಗ್ರೂಪಿನಲ್ಲಿ ಆಗಲೇ ಶುರು ಹಚ್ಚಿಕೊಂಡಿದ್ದಾರೆ.